ಯುಎಕ್ಸ್ ಕೆಲಸ: ಬೆಂಗಳೂರಿನ ಕಂಪನಿಯೋ, ಊರಿನ ಫ್ರೀಲಾನ್ಸೋ? ಸಂಬಳದ ಜೊತೆ ನೋಡಬೇಕಾದ ಇನ್ನೊಂದು ಅಂಕಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಯುಎಕ್ಸ್ ಡಿಸೈನ್ ಕೆಲಸಕ್ಕೆ, ಅಂದರೆ ಆ್ಯಪ್, ವೆಬ್‌ಸೈಟ್‌ಗಳನ್ನು ಬಳಸುವವರಿಗೆ ಸುಲಭವಾಗುವ ಹಾಗೆ ರೂಪಿಸುವ ಕೆಲಸಕ್ಕೆ, ಹೊರಟವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಬೆಂಗಳೂರಿಗೆ ಹೋಗಿ ಪ್ರಾಡಕ್ಟ್ ಕಂಪನಿ ಸೇರಲಾ, ಸರ್ವಿಸ್ ಕಂಪನಿ ಸಿಕ್ಕರೂ ಸಾಕಾ, ಇಲ್ಲಾ ಊರಲ್ಲೇ ಇದ್ದು ಫ್ರೀಲಾನ್ಸ್ ಮಾಡಲಾ? ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲೋ, ಚಿಕ್ಕಮಗಳೂರಿನ ಎಐಟಿಯಲ್ಲೋ ಓದು ಮುಗಿಸಿ, ಕೋಡಿಂಗಿಗಿಂತ ಸ್ಕ್ರೀನಿನ ಕಡೆ ಮನಸ್ಸು ಜಾಸ್ತಿ ಅಂತ ಇತ್ತ ತಿರುಗಿದವರು ಇವರು. ಸಂಬಳ ಎಷ್ಟು, ಕಂಪನಿ ಹೆಸರು ಯಾವುದು, ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಪಟ್ಟಿ ಮಾಡಿಕೊಂಡು ಬಂದಿರುತ್ತಾರೆ.

ಆ ಪಟ್ಟಿ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಇನ್ನೊಂದು ಸಾಲು ಸೇರಿಸಬೇಕು: ಅಲ್ಲಿ ನಿಮ್ಮ ಕೆಲಸವನ್ನು ಯಾವ ಅಂಕಿಯಿಂದ ಅಳೆಯುತ್ತಾರೆ? ನೀವು ಎಂಥ ಡಿಸೈನರ್ ಆಗುತ್ತೀರಿ ಅನ್ನುವುದನ್ನೂ, ಐದು ವರ್ಷ ಕಳೆದ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಅನ್ನುವುದನ್ನೂ ಬಹುಪಾಲು ಆ ಅಂಕಿಯೇ ತೀರ್ಮಾನಿಸುತ್ತದೆ. ಅದಕ್ಕೇ ಈ ಹೋಲಿಕೆಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅಳೆಯುವ ಅಂಕಿ

ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಅದರಲ್ಲಿ ಚಂದಾ ರದ್ದು ಮಾಡುವ ಪೇಜನ್ನು ಇಬ್ಬರು ಡಿಸೈನರ್‌ಗಳಿಗೆ ಕೊಟ್ಟಿದ್ದಾರೆ. ಒಬ್ಬಳಿಗೆ ಮ್ಯಾನೇಜರ್ ಹೇಳಿದ್ದು: ಈ ಮೂರು ತಿಂಗಳಲ್ಲಿ ಬಿಟ್ಟುಹೋಗುವವರು ಕಮ್ಮಿ ಆಗಬೇಕು. ಇನ್ನೊಬ್ಬನಿಗೆ ಹೇಳಿದ್ದು: ರದ್ದು ಮಾಡೋದು ಹೇಗೆ ಅಂತ ಕಸ್ಟಮರ್ ಕೇರ್‌ಗೆ ಬರುವ ಫೋನ್ ಕಮ್ಮಿ ಆಗಬೇಕು. ಇಬ್ಬರೂ ಒಳ್ಳೆಯವರೇ. ಇಬ್ಬರಿಗೂ ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾ ಚೆನ್ನಾಗಿ ಬರುತ್ತದೆ. ಆದರೂ ಮೊದಲನೆಯವಳು ರದ್ದು ಬಟನ್ನಿನ ಬಣ್ಣ ಮಂಕು ಮಾಡುತ್ತಾಳೆ. ಆಮೇಲೆ 'ನಿಜವಾಗಿ ಹೋಗ್ತೀರಾ?' ಅಂತ ಒಂದು ಪೇಜು ಸೇರಿಸುತ್ತಾಳೆ, ಆಮೇಲೆ ರಿಯಾಯಿತಿಯ ಇನ್ನೊಂದು ಪೇಜು. ಯಾರೂ ಅವಳಿಗೆ ಮೋಸ ಮಾಡು ಅಂತ ಹೇಳಿಲ್ಲ. ಅವಳ ಅಪ್ರೈಸಲ್ ಆ ಅಂಕಿಯ ಮೇಲೆ ನಿಂತಿದೆ, ಅಷ್ಟೇ.

ಇಂಥದ್ದು ಕೋರ್ಟಿನವರೆಗೆ ಹೋಗಿದೆ. ಅಮೆಜಾನ್ ಪ್ರೈಮ್ ರದ್ದು ಮಾಡಲು ನಾಲ್ಕು ಪೇಜು, ಆರು ಕ್ಲಿಕ್ಕು, ಹದಿನೈದು ಆಯ್ಕೆ ದಾಟಬೇಕಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ದಾವೆ ಹೂಡಿತು. 2025ರ ಸೆಪ್ಟೆಂಬರಿನಲ್ಲಿ ಅದು 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮೇಲೂ 2022ರಲ್ಲಿ ಅದೇ ಕಮಿಷನ್ ಕ್ರಮ ಕೈಗೊಂಡಿತು. ಗೊತ್ತಿಲ್ಲದೆ ಒತ್ತಿದ ಒಂದು ಬಟನ್ನಿಗೆ ದುಡ್ಡು ಕಡಿತ ಆಗುತ್ತಿತ್ತು ಅನ್ನುವುದು ಆರೋಪ. ಗ್ರಾಹಕರಿಗೆ ವಾಪಸ್ ಕೊಡಲು 24.5 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು. ಆ ದೂರಿನಲ್ಲಿ ಡಿಸೈನರ್‌ಗಳು ಓದಲೇಬೇಕಾದ ಒಂದು ಮಾತಿದೆ. ಹತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರ ದೂರುಗಳ ಜೊತೆಗೆ ತನ್ನದೇ ನೌಕರರು ಮತ್ತೆ ಮತ್ತೆ ಎತ್ತಿದ ಆತಂಕವನ್ನೂ ಕಂಪನಿ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಕಮಿಷನ್ ಹೇಳಿತು. ಅಂದರೆ ಒಳಗೆ ಯಾರೋ ಹೇಳಿದ್ದರು. ಅವರು ಹೇಳಿದ್ದಕ್ಕೆ ದಾಖಲೆಯೂ ಉಳಿದಿತ್ತು.

ಇಂಥ ತಂತ್ರಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟನ್ನಿನ ಡಿಸೈನರ್ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ನಮ್ಮಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ತಂತ್ರಗಳನ್ನು ಹೆಸರಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಕಾರ್ಟಿಗೆ ಸಾಮಾನು ಸೇರಿಸುವುದು, ಬೇಡ ಅಂದವರಿಗೆ ನಾಚಿಕೆ ಆಗುವ ಹಾಗೆ ಬಟನ್ ಬರೆಯುವುದು, ಕೊನೇ ಪೇಜಿನಲ್ಲಿ ಬೆಲೆ ಏರಿಸುವುದು, ಜಾಹೀರಾತನ್ನು ಸುದ್ದಿಯ ಹಾಗೆ ತೋರಿಸುವುದು ಎಲ್ಲ ಅದರಲ್ಲಿವೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ಕಂಪನಿಗಳಿಗೆ ಮೂರು ತಿಂಗಳೊಳಗೆ ನಿಮ್ಮ ಆ್ಯಪ್‌ಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದೂ ಸೂಚಿಸಿತು.

ಹಾಗಂತ ಕೊಳ್ಳಿ ಅನ್ನುವುದೇ ತಪ್ಪು ಅಂತಲ್ಲ. ನಮ್ಮ ಕಡೆ ಕಾಫಿ ಪುಡಿಗೆ ಚಿಕೋರಿ ಬೆರೆಸಿ ಮಾರುತ್ತಾರೆ, ಅದು ತಪ್ಪಲ್ಲ. ಪೊಟ್ಟಣದ ಮೇಲೆ ಎಷ್ಟು ಬೆರೆಸಿದೆ ಅಂತ ಬರೆಯಬೇಕು ಅಂತ ಕಾನೂನಿದೆ. ಬರೆಯದೆ ಮಾರಿದರೆ ತಪ್ಪು. ಸ್ಕ್ರೀನಿನ ಮೇಲೂ ನಾನು ಗೆರೆ ಎಳೆಯುವುದು ಅಲ್ಲೇ. ಬಳಸುವವರಿಗೆ ಗೊತ್ತಾದರೆ ಕೆಟ್ಟುಹೋಗುವ ಡಿಸೈನು ಒಳ್ಳೇ ಡಿಸೈನಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಯುಎಕ್ಸ್ ಡಿಸೈನರಿಗೆ ಅಂಥದ್ದೇನೂ ಇಲ್ಲ. ನೀವು ಆಗಲ್ಲ ಅಂದರೆ ಬೆನ್ನಿಗೆ ನಿಲ್ಲುವ ಸಂಸ್ಥೆ ಇಲ್ಲ. ಹಾಗಾಗಿ ಆಗಲ್ಲ ಅನ್ನಲು ಜಾಗ ಇರುವ ಕಡೆ ಕೆಲಸ ಹುಡುಕುವುದೇ ನಮಗಿರುವ ರಕ್ಷಣೆ.

ಪ್ರಾಡಕ್ಟ್ ಕಂಪನಿ

ತನ್ನದೇ ಆ್ಯಪ್, ತನ್ನದೇ ಬಳಕೆದಾರರು ಇರುವ ಕಂಪನಿ. ಬಹುತೇಕ ಬೆಂಗಳೂರಿನಲ್ಲೇ. ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನೀವು ಮಾಡಿದ ಸ್ಕ್ರೀನು ಜನರ ಕೈಗೆ ಹೋಗಿ, ಅದು ಸರಿ ಬಂತೋ ಇಲ್ಲವೋ ಅನ್ನುವುದು ವಾರದಲ್ಲಿ ಗೊತ್ತಾಗುತ್ತದೆ. ತಿದ್ದಲು ಅವಕಾಶ ಇರುತ್ತದೆ. ರಿಸರ್ಚ್ ಮಾಡುವವರು ಬೇರೆ, ಕಂಟೆಂಟ್ ಬರೆಯುವವರು ಬೇರೆ, ಡಿಸೈನ್ ಸಿಸ್ಟಮ್ (ಎಲ್ಲ ಸ್ಕ್ರೀನಿಗೂ ಒಂದೇ ಬಗೆಯ ಬಟನ್, ಬಣ್ಣ, ಅಕ್ಷರ ಇರಲು ಮಾಡಿಟ್ಟ ವ್ಯವಸ್ಥೆ) ನೋಡಿಕೊಳ್ಳುವವರು ಬೇರೆ ಇರುತ್ತಾರೆ. ಅವರ ಪಕ್ಕ ಕೂತರೇ ಅರ್ಧ ಕಲಿಕೆ.

ಬಡ್ತಿಯ ದಾರಿಯೂ ಇಲ್ಲೇ ಹೆಚ್ಚು ಸ್ಪಷ್ಟ. ಡಿಸೈನರ್, ಸೀನಿಯರ್, ಲೀಡ್ ಆದ ಮೇಲೆ ದಾರಿ ಎರಡಾಗುತ್ತದೆ. ಒಂದು ತಂಡ ನೋಡಿಕೊಳ್ಳುವ ಮ್ಯಾನೇಜರ್ ದಾರಿ. ಇನ್ನೊಂದು ಕೈಕೆಲಸ ಬಿಡದೆ ಪ್ರಿನ್ಸಿಪಲ್ ಡಿಸೈನರ್ ಆಗುವ ದಾರಿ. ಎರಡನೆಯ ದಾರಿ ಕಾಗದದ ಮೇಲೆ ಎಲ್ಲ ಕಡೆ ಇರುತ್ತದೆ. ಆ ಹುದ್ದೆಯಲ್ಲಿ ನಿಜಕ್ಕೂ ಒಬ್ಬರಾದರೂ ಇದ್ದಾರಾ ಅಂತ ಸೇರುವ ಮುಂಚೆ ಕೇಳಿ.

ಅಪಾಯವೂ ಇಲ್ಲೇ ಜಾಸ್ತಿ. ಎ/ಬಿ ಟೆಸ್ಟು ನಡೆಯುವ ಕಡೆ ಅಂಕಿಯೇ ರಾಜ. ಎರಡು ಡಿಸೈನಿನಲ್ಲಿ ಯಾವುದಕ್ಕೆ ಕ್ಲಿಕ್ಕು ಜಾಸ್ತಿ ಬಂತೋ ಅದೇ ಗೆದ್ದಿತು. ಆ ಕ್ಲಿಕ್ಕು ಅರ್ಥವಾಗಿ ಬಂದದ್ದೋ ಗಲಿಬಿಲಿಯಿಂದ ಬಂದದ್ದೋ ಅಂತ ಟೆಸ್ಟು ಹೇಳುವುದಿಲ್ಲ. ಅದನ್ನು ಕೇಳಬೇಕಾದವರು ಡಿಸೈನರ್. ಸಾಲ ಕೊಡುವ ಆ್ಯಪ್, ನಿಮಿಷದಲ್ಲಿ ಸಾಮಾನು ತಲುಪಿಸುವ ಆ್ಯಪ್ ಇಂಥ ಕಡೆ ಈ ಒತ್ತಡ ಬಹಳ. ಬ್ಯಾಂಕಿಗೆ, ಆಸ್ಪತ್ರೆಗೆ, ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಡೆ ಅಷ್ಟಿಲ್ಲ. ಅಲ್ಲಿ ಕೆಲಸ ಬೇಗ ಮುಗಿಯಿತಾ, ತಪ್ಪು ಕಮ್ಮಿಯಾಯಿತಾ ಅಂತ ಅಳೆಯುತ್ತಾರೆ. ನೋಡಲು ಬೋರಾದ ಕ್ಷೇತ್ರ ಅನ್ನಿಸಬಹುದು. ಆದರೆ ಕಸುಬು ಕಲಿಯಲು ಅದು ತುಂಬ ಒಳ್ಳೆ ನೆಲ.

ಇಲ್ಲಿ ಒಂದು ಕಹಿ ಸತ್ಯ ಹೇಳಬೇಕು. ಕ್ಲಿಕ್ಕು ಏರಿಸಿದವರಿಗೆ ಬೇಗ ಬಡ್ತಿ ಸಿಗುವುದೂ ಉಂಟು. ಮೊದಲೆರಡು ವರ್ಷ ಅವರು ನಿಮಗಿಂತ ಮುಂದೆ ಹೋದ ಹಾಗೆ ಕಾಣುತ್ತದೆ. ತೊಂದರೆ ಬರುವುದು ಕೆಲಸ ಬದಲಿಸುವಾಗ. ಪೋರ್ಟ್‌ಫೋಲಿಯೋದಲ್ಲಿ 'ರದ್ದು ಮಾಡುವವರನ್ನು ಇಷ್ಟು ಶೇಕಡ ತಡೆದೆ' ಅಂತ ಬರೆದರೆ, ಹೇಗೆ ತಡೆದಿರಿ ಅಂತ ಮುಂದಿನವರು ಕೇಳುತ್ತಾರೆ. ಅದಕ್ಕೆ ಬಾಯಿಬಿಟ್ಟು ಹೇಳುವ ಹಾಗಿಲ್ಲದಿದ್ದರೆ ಆ ಎರಡು ವರ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸರ್ವಿಸ್ ಕಂಪನಿ, ಏಜೆನ್ಸಿ

ಬೇರೆ ಕಂಪನಿಗಳಿಗೆ, ಅಂದರೆ ಕ್ಲೈಂಟ್‌ಗಳಿಗೆ, ಕೆಲಸ ಮಾಡಿಕೊಡುವ ಕಂಪನಿ. ಇಲ್ಲಿ ಅಳೆಯುವುದು ಗಂಟೆ ಮತ್ತು ಗಡುವು. ಕ್ಲೈಂಟ್ ಒಪ್ಪಿದರೆ ಕೆಲಸ ಮುಗಿಯಿತು. ಜನ ಬಳಸಿದಾಗ ಏನಾಯಿತು ಅನ್ನುವುದು ನಿಮ್ಮವರೆಗೆ ಬರುವುದೇ ಅಪರೂಪ. ಇದು ದೊಡ್ಡ ಕೊರತೆ. ಬದಲಿಗೆ ಸಿಗುವುದು ಬಗೆಬಗೆಯ ಅನುಭವ: ಈ ಆರು ತಿಂಗಳು ವಿಮೆ, ಮುಂದಿನ ಆರು ತಿಂಗಳು ಏರ್‌ಲೈನ್. ಕ್ಲೈಂಟಿನ ಮುಂದೆ ನಿಂತು ಮಾತಾಡುವ ಧೈರ್ಯವೂ ಇಲ್ಲೇ ಬರುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ, ಇಂಗ್ಲಿಷಿನಲ್ಲಿ ವಾದ ಮಾಡಲು ಹಿಂಜರಿಯುವವರಿಗೆ, ಇದು ಸಣ್ಣ ಲಾಭವಲ್ಲ.

ಒಂದು ಎಚ್ಚರಿಕೆ. ಕೆಲವು ಕಡೆ ಹುದ್ದೆಯ ಹೆಸರು ಯುಎಕ್ಸ್ ಡಿಸೈನರ್ ಅಂತ ಇರುತ್ತದೆ, ಕೆಲಸ ಮಾತ್ರ ಕ್ಲೈಂಟ್ ಕಳಿಸಿದ ಪಿಪಿಟಿಯನ್ನು ಸ್ಕ್ರೀನ್ ಮಾಡುವುದು. ಬಳಕೆದಾರರ ಜೊತೆ ಮಾತಾಡುವ ಅವಕಾಶ ವರ್ಷಕ್ಕೆ ಒಂದು ಸಲವೂ ಇಲ್ಲ ಅಂದರೆ ಅದನ್ನು ಯುಎಕ್ಸ್ ಅನುಭವ ಅನ್ನಲು ಆಗುವುದಿಲ್ಲ.

ಸ್ಟಾರ್ಟಪ್

ಮೊದಲ ಕೆಲಸವೇ ಸ್ಟಾರ್ಟಪ್, ಅಲ್ಲಿ ನೀವೊಬ್ಬರೇ ಡಿಸೈನರ್ ಅಂದರೆ ಬೇಡ ಅನ್ನುತ್ತೇನೆ. ತಿದ್ದುವವರು ಇರುವುದಿಲ್ಲ. ಹೂಡಿಕೆದಾರರಿಗೆ ಮುಂದಿನ ತಿಂಗಳು ತೋರಿಸಬೇಕಾದ ಅಂಕಿ ನಿಮ್ಮ ತಲೆಯ ಮೇಲೆ ನೇರವಾಗಿ ಬೀಳುತ್ತದೆ. ಸೀನಿಯರ್ ಡಿಸೈನರ್ ಒಬ್ಬರು ಇದ್ದು, ಸ್ಥಾಪಕರು ಬಳಕೆದಾರರ ಮಾತನ್ನು ತಾವೇ ಕೂತು ಕೇಳುವವರಾದರೆ ಲೆಕ್ಕ ಬೇರೆ.

ಊರಲ್ಲೇ ಇದ್ದು ಫ್ರೀಲಾನ್ಸ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಏಕೆಂದರೆ ಇದನ್ನು ಎರಡನೇ ದರ್ಜೆಯ ದಾರಿ ಅಂತ ಜನ ಸುಮ್ನೆ ತಳ್ಳಿಹಾಕುತ್ತಾರೆ. ಹಾಸನದಲ್ಲಿ ಕೂತು ಈ ಕೆಲಸ ಮಾಡುವ ನನಗೆ ಹಾಗೆ ಅನ್ನಿಸುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ ಎಷ್ಟಿವೆ ಅಂತ ನಿಮಗೇ ಗೊತ್ತು. ಬುಕಿಂಗ್ ಕಂಪನಿಗಳಿಗೆ ಕಮಿಷನ್ ಕೊಡುವುದಕ್ಕಿಂತ ತಮ್ಮದೇ ವೆಬ್‌ಸೈಟ್ ಇರಲಿ ಅನ್ನುವ ಮಾಲೀಕರು ಬಹಳ. ಅಂಥವರ ಜೊತೆ ಕೂತರೆ ಮಾತು ಹೀಗೆ ನಡೆಯುತ್ತದೆ:

'ಕೊನೇ ಪೇಜಲ್ಲಿ ಕ್ಯಾಂಪ್‌ಫೈರು, ಜೀಪು ಎರಡಕ್ಕೂ ಟಿಕ್ ಹಾಕೇ ಇಡಪ್ಪ. ಬೇಡ ಅನ್ನೋರು ತೆಗೀತಾರೆ.'

'ಗೌಡ್ರೇ, ಅರ್ಧ ಜನ ನೋಡೋದೇ ಇಲ್ಲ.'

'ಅದಕ್ಕೇ ತಾನೇ ಹಾಕು ಅನ್ನೋದು! ಎಲ್ಲಾ ಸೈಟಲ್ಲೂ ಹಿಂಗೇ ಇರುತ್ತಲ್ಲ.'

ಈಗ ಅಂಥ ಬುಕಿಂಗ್ ಫಾರ್ಮನ್ನೇ ಹತ್ತಿರದಿಂದ ನೋಡೋಣ. ಮೊದಲ ಪೇಜಿನಲ್ಲಿ ದೊಡ್ಡದಾಗಿ ಒಬ್ಬರಿಗೆ 1,999 ರೂಪಾಯಿ ಅಂತ ಇದೆ. ತಾರೀಖು, ಎಷ್ಟು ಜನ, ಫೋನ್ ನಂಬರ್ ತುಂಬಿ ಮೂರನೇ ಪೇಜಿಗೆ ಬಂದರೆ ಟಿಕ್ ಬಿದ್ದ ಎರಡು ಬಾಕ್ಸು, ತೆರಿಗೆ ಎಲ್ಲ ಸೇರಿ ಮೊತ್ತ 3,200 ದಾಟಿದೆ. ಮೇಲೆ ಕೆಂಪು ಅಕ್ಷರದಲ್ಲಿ 'ಇನ್ನು 1 ರೂಮ್ ಮಾತ್ರ' ಅಂತ ಮಿನುಗುತ್ತಿದೆ, ಹಿಂದೆ ಮೂರು ರೂಮು ಖಾಲಿ ಇದ್ದರೂ. ಒಂದೇ ಫಾರ್ಮಿನಲ್ಲಿ ಮಾರ್ಗಸೂಚಿ ಹೆಸರಿಸಿದ ಮೂರು ತಂತ್ರಗಳು ಇವೆ. ಆ ಮಾರ್ಗಸೂಚಿ ದೊಡ್ಡ ಕಂಪನಿಗಳಿಗೆ ಮಾತ್ರ ಅಂದುಕೊಳ್ಳಬೇಡಿ, ಮಾರುವವರಿಗೂ ಜಾಹೀರಾತು ಕೊಡುವವರಿಗೂ ಅನ್ವಯಿಸುತ್ತದೆ. ಗ್ರಾಹಕರು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಆದರೆ ಗೌಡರ ಮುಂದೆ ನಾನು ಕಾನೂನಿನಿಂದ ಶುರು ಮಾಡುವುದಿಲ್ಲ. ಜೀಪಿನ ದುಡ್ಡು ಕಟ್ಟಿದ್ದೇ ಗೊತ್ತಿಲ್ಲದ ಕುಟುಂಬ ಶನಿವಾರ ಸಂಜೆ ಗೇಟಿನ ಹತ್ತಿರ ಬಂದು ಜಗಳ ಮಾಡಿದಾಗ ಏನಾಗುತ್ತದೆ ಅಂತ ಕೇಳುತ್ತೇನೆ. ಅವರು ಬರೆಯುವ ರಿವ್ಯೂ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದರ ಬದಲು ಜೀಪ್ ಸವಾರಿಯ ಒಂದು ಒಳ್ಳೆ ಫೋಟೋ, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮೊದಲ ಪೇಜಿನಲ್ಲೇ ಹಾಕೋಣ, ಬೇಕಾದವರು ಖಂಡಿತ ಆರಿಸುತ್ತಾರೆ ಅನ್ನುತ್ತೇನೆ. ಇಲ್ಲಿ ಅಳೆಯುವ ಅಂಕಿ ಮುಂದಿನ ವರ್ಷ ಮತ್ತೆ ಬಂದ ಅತಿಥಿಗಳದ್ದು. ಮಾಲೀಕರಿಗೆ ಅದು ಬೇಗ ಅರ್ಥವಾಗುತ್ತದೆ, ಏಕೆಂದರೆ ಅತಿಥಿಯ ಮುಖ ನೋಡಿ ಊಟ ಬಡಿಸುವವರು ಅವರೇ. ಬೆಂಗಳೂರಿನ ಆಫೀಸಿನಲ್ಲಿ ಕೂತ ಪ್ರಾಡಕ್ಟ್ ಮ್ಯಾನೇಜರಿಗೆ ಆ ಮುಖ ಕಾಣುವುದಿಲ್ಲ.

ಇನ್ನೊಂದು ಬಗೆಯ ಕೆಲಸ ಕಾಫಿ ತೋಟದ್ದು. ಕೊಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ರೈಟರ್ ಸಂಜೆ ತೂಕ ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನೇ ಮೊಬೈಲಿಗೆ ತರಬೇಕು ಅಂತ ಕೇಳುವವರು ಈಗ ಜಾಸ್ತಿ. ಆಫೀಸಿನ ಟ್ಯೂಬ್‌ಲೈಟಿನಲ್ಲಿ ತಿಳಿ ಬೂದು ಅಕ್ಷರ ಚಂದ ಕಾಣುತ್ತದೆ. ಅದೇ ಫೋನನ್ನು ಕಣಕ್ಕೆ ತಂದು ಬಿಸಿಲಿಗೆ ಹಿಡಿದರೆ ಸ್ಕ್ರೀನ್ ಖಾಲಿ ಇದ್ದ ಹಾಗೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕು ಅಂತ ಡಬ್ಲ್ಯೂಸಿಎಜಿ (ವೆಬ್ ಎಲ್ಲರಿಗೂ ಬಳಸಲು ಬರಲಿ ಅಂತ ಮಾಡಿದ ಅಂತರರಾಷ್ಟ್ರೀಯ) ಮಾನದಂಡ ಹೇಳುವುದು ಯಾಕೆ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ತೋಟದ ಒಳಗೆ ಸಿಗ್ನಲ್ ಇರುವುದಿಲ್ಲ. ಸೇವ್ ಒತ್ತಿದ್ದು ನೆಟ್‌ವರ್ಕ್ ಇಲ್ಲದೆ ಹಾರಿಹೋದರೆ ಯಾರದೋ ಇಡೀ ದಿನದ ತೂಕ ಹೋಯಿತು, ಅಂದರೆ ಕೂಲಿ ಹೋಯಿತು. ಅಸ್ಸಾಮಿನಿಂದ ಬಂದು ಇಲ್ಲಿ ಕೆಲಸ ಮಾಡುವವರಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಫೋಟೋ ಪಕ್ಕದಲ್ಲಿ ದೊಡ್ಡ ಅಂಕಿಯಲ್ಲಿ ಇವತ್ತಿನ ಕೆಜಿ, ಈ ವಾರದ ಕೆಜಿ ತೋರಿಸಿ, ರೈಟರ್ ಫೋನನ್ನು ಅವರ ಕಡೆ ತಿರುಗಿಸಿದರೆ ಅವರಿಗೂ ಲೆಕ್ಕ ಗೊತ್ತಾಗುತ್ತದೆ.

ನೀತಿ ಅಂದ ಕೂಡಲೇ ನಾವು ಮೋಸದ ಬಟನ್ನುಗಳನ್ನೇ ನೆನೆಯುತ್ತೇವೆ. ಈ ತೂಕದ ಆ್ಯಪಿನಲ್ಲಿ ಯಾರೂ ಮೋಸ ಮಾಡಿಲ್ಲ. ಬಿಸಿಲಿಗೆ ಹೋಗಿ ನೋಡದ ಡಿಸೈನರಿನಿಂದ ಒಬ್ಬರ ಕೂಲಿ ತಪ್ಪುತ್ತಿತ್ತು. ನನ್ನ ಲೆಕ್ಕದಲ್ಲಿ ಅದೂ ಅಷ್ಟೇ ದೊಡ್ಡ ವಿಷಯ. ಹಾಗೇ 'ಆಳುಗಳ ಫೋನಿನ ಲೊಕೇಶನ್ನೂ ಬರಲಿ' ಅಂತ ಮಾಲೀಕರು ಕೇಳಿದರೆ, ಯಾತಕ್ಕೆ ಅಂತ ಕೇಳುವ ಹಕ್ಕೂ ಹೊಣೆಯೂ ನಿಮ್ಮದೇ. ತೂಕಕ್ಕೆ ಲೊಕೇಶನ್ ಬೇಡ.

ಫ್ರೀಲಾನ್ಸಿನ ಕಷ್ಟಗಳು ನಿಜವೇ. ತಿದ್ದುವ ಸೀನಿಯರ್ ಇರುವುದಿಲ್ಲ. ದುಡ್ಡು ತಡವಾಗುತ್ತದೆ, ಅದರಲ್ಲೂ ಪರಿಚಯದವರ ಹತ್ತಿರ. ಅರ್ಧ ಅಡ್ವಾನ್ಸ್ ಇಲ್ಲದೆ ಶುರು ಮಾಡಬೇಡಿ. ಏನು ಮಾಡಿಕೊಡುತ್ತೇನೆ, ಏನು ಮಾಡುವುದಿಲ್ಲ ಅಂತ ಒಂದು ಪುಟ ಬರೆದು ಸಹಿ ಹಾಕಿಸಿ. ಮಾಡುವುದಿಲ್ಲ ಅನ್ನುವ ಪಟ್ಟಿಯಲ್ಲೇ ಮೊದಲೇ ಟಿಕ್ ಹಾಕಿದ ಬಾಕ್ಸು, ಸುಳ್ಳು ರಿವ್ಯೂ, ಸುಳ್ಳು ಕೌಂಟ್‌ಡೌನ್ ಅಂತ ಸೇರಿಸಿ. ಮೊದಲೇ ಬರೆದಿದ್ದರೆ ಆಮೇಲೆ ಮನಸ್ತಾಪ ಇಲ್ಲ.

ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ದಾರಿಯೂ ಇದೆ. ವಾರದಲ್ಲಿ ಕೆಲವು ದಿನ ಆಫೀಸಿಗೆ ಬನ್ನಿ ಅನ್ನುವ ಕಂಪನಿಗಳು ಈಗ ಜಾಸ್ತಿಯಾಗಿವೆ. ಕುಣಿಗಲ್, ಶ್ರವಣಬೆಳಗೊಳದ ಮೇಲೆ 2017ರಲ್ಲಿ ರೈಲು ಶುರುವಾದ ಮೇಲೆ ಹಾಸನದವರಿಗೆ ಓಡಾಟ ಪರವಾಗಿಲ್ಲ, ಚಿಕ್ಕಮಗಳೂರಿನವರಿಗೆ ಇನ್ನೂ ಕಷ್ಟವೇ. ದೂರ ಕೂತವರಿಗೆ ಇನ್ನೊಂದು ತೊಡಕಿದೆ. ಮೀಟಿಂಗ್ ಮುಗಿದ ಮೇಲೆ ಕಾಫಿ ಮೆಷಿನ್ ಹತ್ತಿರ ಆಗುವ ತೀರ್ಮಾನಗಳಲ್ಲಿ ನೀವಿರುವುದಿಲ್ಲ. ತಪ್ಪು ಡಿಸೈನನ್ನು ತಡೆಯುವ ಮಾತು ಬಹಳ ಸಲ ಅಲ್ಲೇ ನಡೆಯುವುದು.

ಸಾರ್ವಜನಿಕ ಸೇವೆಯ ಕೆಲಸ

ಸರ್ಕಾರಿ ವೆಬ್‌ಸೈಟ್, ಆ್ಯಪ್‌ಗಳನ್ನು ಬಹುಪಾಲು ಟೆಂಡರ್ ಹಿಡಿದ ಕಂಪನಿಗಳು ಮಾಡುತ್ತವೆ. ಸಂಬಳ ಕಮ್ಮಿ, ಗಡುವು ವಿಚಿತ್ರ, ಕಡತ ನಿಧಾನ. ಆದರೂ ಎರಡನೆಯದೋ ಮೂರನೆಯದೋ ಕೆಲಸವಾಗಿ ಇದನ್ನು ನೋಡಿ ಅನ್ನುತ್ತೇನೆ. ಇಲ್ಲಿ ಬಳಕೆದಾರರಿಗೆ ಬೇರೆ ಅಂಗಡಿಗೆ ಹೋಗುವ ಆಯ್ಕೆ ಇಲ್ಲ. ಪಹಣಿ ಬೇಕಾದರೆ ಅದೇ ಸೈಟಿಗೆ ಬರಬೇಕು. ಫಾರ್ಮನ್ನು ಭರ್ತಿ ಮಾಡುವವರು ಬಹಳ ಕಡೆ ಗ್ರಾಮ ಒನ್ ಕೇಂದ್ರದಲ್ಲಿ ಕೂತ ಆಪರೇಟರ್. ಎದುರಿಗೆ ಸಾಲಾಗಿ ಜನ ನಿಂತಿರುತ್ತಾರೆ. ಅವರ ಪಕ್ಕ ಒಂದು ಬೆಳಗ್ಗೆ ಕೂತು ನೋಡಿದರೆ ಯಾವ ಕೋರ್ಸಿಗಿಂತಲೂ ಜಾಸ್ತಿ ಕಲಿಯಬಹುದು.

ಇಲ್ಲಿ ಬೆಳೆಯುವ ಕೌಶಲಕ್ಕೆ ಬೆಲೆಯೂ ಏರುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿ ಮಾಡುವಾಗ ಕಣ್ಣು ಮಿಟುಕಿಸಿ ಅನ್ನುವ ಸ್ಕ್ರೀನು ಆ್ಯಸಿಡ್ ದಾಳಿಗೆ ತುತ್ತಾದವರನ್ನೂ ದೃಷ್ಟಿ ಇಲ್ಲದವರನ್ನೂ ಹೊರಗಿಟ್ಟಿತ್ತು. ಆ ಅರ್ಜಿಯ ಮೇಲೆ ಬಂದ ತೀರ್ಪು ಅದು. ಇನ್ನು ಮೇಲೆ ಬ್ಯಾಂಕಿಗೂ ಇಲಾಖೆಗೂ ಅಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರಿಗೂ ಬಳಸಲು ಬರುವ ಹಾಗೆ ಮಾಡುವುದು, ಗೊತ್ತಿರುವವರು ಬೇಕೇ ಬೇಕು.

ಕನ್ನಡ ಚೆನ್ನಾಗಿ ಬಲ್ಲವರಿಗೆ ಇನ್ನೊಂದು ಬಾಗಿಲೂ ತೆರೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ, ನಿಮ್ಮ ಮಾಹಿತಿ ಯಾತಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವ ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲೋ ಓದುವ ಅವಕಾಶ ಕೊಡಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಅಂದರೆ ಕಂಪನಿಗಳಿಗೆ ಒಪ್ಪಿಗೆಯ ಸ್ಕ್ರೀನನ್ನು ತಿಳಿಯಾದ ಕನ್ನಡದಲ್ಲಿ ಬರೆದು, ಜೋಡಿಸಿ, ಜನರ ಮುಂದೆ ಇಟ್ಟು ಪರೀಕ್ಷೆ ಮಾಡಬಲ್ಲವರು ಬೇಕು. ಇಂಗ್ಲಿಷಿಗೆ ಅಂತ ಕೊಟ್ಟ ಸಾಲಿನ ಎತ್ತರದಲ್ಲಿ 'ರಾಷ್ಟ್ರೀಕೃತ' ಅಂತ ಬರೆದರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ ಅನ್ನುವುದು ಗೊತ್ತಿರುವ ಡಿಸೈನರ್‌ಗಳು ಬೆಂಗಳೂರಿನಲ್ಲೂ ಕಮ್ಮಿಯೇ.

ಓದಿನ ಬಗ್ಗೆ ಎರಡು ಮಾತು

ಎನ್‌ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಬೆಂಗಳೂರು ಕ್ಯಾಂಪಸ್, ಮುಂಬೈ ಐಐಟಿಯ ಡಿಸೈನ್ ಶಾಲೆ ಐಡಿಸಿ ಇಂಥ ಕಡೆ ಸೀಟು ಸಿಕ್ಕರೆ, ಮನೆಯಲ್ಲಿ ಎರಡು, ಎರಡೂವರೆ ವರ್ಷ ನಡೆಯುತ್ತದೆ ಅಂದರೆ ಹೋಗಿ. ಇಲ್ಲದಿದ್ದರೆ ಆನ್‌ಲೈನ್ ಸರ್ಟಿಫಿಕೇಟು ಶುರು ಮಾಡಲು ಸಾಕು. ಲಕ್ಷಗಟ್ಟಲೆ ಕಟ್ಟಿಸಿಕೊಂಡು ಕೆಲಸ ಗ್ಯಾರಂಟಿ ಅನ್ನುವ ಬೂಟ್‌ಕ್ಯಾಂಪುಗಳ ಜಾಹೀರಾತಿನಲ್ಲೇ 'ಇನ್ನು 2 ಸೀಟು ಮಾತ್ರ' ಅಂತ ಇದ್ದರೆ, ಅವರು ಏನು ಕಲಿಸುತ್ತಾರೆ ಅಂತ ಅಲ್ಲೇ ಗೊತ್ತಾಯಿತಲ್ಲ.

ಇಂಟರ್‌ವ್ಯೂನಲ್ಲಿ ಕೇಳಿ

ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ ಇದೆಯಾ?' ಅಂತ ಕೇಳುತ್ತಾರಲ್ಲ, ಆಗ ಸುಮ್ಮನಿರಬೇಡಿ. ಕಳೆದ ವರ್ಷ ಈ ತಂಡದಲ್ಲಿ ಯಾರಿಗೆ ಬಡ್ತಿ ಬಂತು, ಯಾವ ಕೆಲಸಕ್ಕೆ ಬಂತು ಅಂತ ಕೇಳಿ. ಡಿಸೈನರ್ ಬೇಡ ಅಂದಿದ್ದಕ್ಕೆ ಬದಲಾದ ಒಂದು ಫೀಚರ್ ಹೇಳಿ ಅನ್ನಿ. ನಿಮ್ಮ ಆ್ಯಪಿನಲ್ಲಿ ಅಕೌಂಟ್ ಡಿಲೀಟ್ ಮಾಡಲು ಎಷ್ಟು ಹೆಜ್ಜೆ ಅಂತ ಕೇಳಿ, ಮೊದಲೇ ಮನೆಯಲ್ಲಿ ಮಾಡಿ ನೋಡಿಕೊಂಡೇ ಹೋಗಿ. ಎರಡನೇ ಪ್ರಶ್ನೆಗೆ ಒಂದೇ ಒಂದು ಉದಾಹರಣೆಯೂ ನೆನಪಾಗದೆ ಅವರು ತಡವರಿಸಿದರೆ ಅದೇ ಉತ್ತರ. ಇಂಥ ಪ್ರಶ್ನೆ ಕೇಳಿದರೆ ಕೆಲಸ ಕೊಡುವುದಿಲ್ಲವೇನೋ ಅಂತ ಹೆದರುವವರಿದ್ದಾರೆ. ಒಳ್ಳೆ ತಂಡಗಳು ಇಂಥ ಪ್ರಶ್ನೆಗೆ ಖುಷಿ ಪಡುತ್ತವೆ.

ಒಪ್ಪದ ಕೆಲಸ ಬಂದಾಗ

ಎಂಥ ಒಳ್ಳೆ ಕಡೆ ಸೇರಿದರೂ ಒಂದಲ್ಲ ಒಂದು ದಿನ ಇದು ಬರುತ್ತದೆ. ಆಗ ಮೂರು ದಾರಿ. ಒಂದು, ನೇರವಾಗಿ ಆಗಲ್ಲ ಅನ್ನುವುದು. ಇನ್ನೊಂದು, ಬೇರೆ ಡಿಸೈನ್ ಮಾಡಿ ಎರಡನ್ನೂ ಪಕ್ಕಪಕ್ಕ ಇಡುವುದು. ಕೊನೆಯದು, ಬಿಟ್ಟುಹೋಗುವುದು. ಹೊಸಬರಿಗೆ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಐದು ಜನ ಬಳಕೆದಾರರನ್ನು ಕೂರಿಸಿ ಇಬ್ಬರು ಎಲ್ಲಿ ತಡವರಿಸಿದರು ಅನ್ನುವ ವಿಡಿಯೋ ತೋರಿಸಿ. ನೀತಿಯ ಭಾಷಣಕ್ಕೆ ಬಾಗಿಲು ಹಾಕುವ ಮ್ಯಾನೇಜರ್ ಕೂಡ ಆ ವಿಡಿಯೋ ಪೂರ್ತಿ ನೋಡುತ್ತಾರೆ. ಮಾರ್ಗಸೂಚಿಯ ಯಾವ ಅಂಶಕ್ಕೆ ಇದು ತಾಗುತ್ತದೆ ಅಂತ ಒಂದು ಸಾಲು ಸೇರಿಸಿ. ಬಾಯಿಮಾತಿನಲ್ಲಿ ಬಿಡಬೇಡಿ, ಆಫೀಸ್ ಮೇಲ್‌ನಲ್ಲಿ ಬರೆಯಿರಿ, ಸಿಟ್ಟಿಲ್ಲದೆ. ಮತ್ತೆ ಮತ್ತೆ ಇದೇ ಆದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ, ಆದರೆ ಕೈಯಲ್ಲಿ ಇನ್ನೊಂದು ಆಫರ್ ಇಲ್ಲದೆ ಬಿಡಬೇಡಿ. ಬೆಂಗಳೂರಿನ ಬಾಡಿಗೆ ಕಟ್ಟುವವರಿಗೆ, ಮನೆಗೆ ದುಡ್ಡು ಕಳಿಸುವವರಿಗೆ ನಾಳೆಯೇ ರಾಜೀನಾಮೆ ಕೊಡಿ ಅನ್ನುವುದು ನ್ಯಾಯವಲ್ಲ. ಆರು ತಿಂಗಳ ಖರ್ಚಿನಷ್ಟು ದುಡ್ಡು ಉಳಿಸಿ ಇಟ್ಟುಕೊಂಡವರಿಗೆ ಆಗಲ್ಲ ಅನ್ನುವ ಧ್ವನಿ ಗಟ್ಟಿಯಾಗಿ ಬರುತ್ತದೆ. ಅದಕ್ಕೇ ಮೊದಲ ಸಂಬಳದಿಂದಲೇ ಉಳಿಸಲು ಶುರು ಮಾಡಿ.

ಯಾರಿಗೆ ಯಾವುದು

ಈಗಷ್ಟೇ ಓದು ಮುಗಿಸಿದವರು, ಯಾರ ಪಕ್ಕವೂ ಕೂತು ಕಲಿತಿಲ್ಲದವರು ಬೆಂಗಳೂರಿಗೆ ಹೋಗಿ. ಸೀನಿಯರ್ ಡಿಸೈನರ್ ಇರುವ ಪ್ರಾಡಕ್ಟ್ ಕಂಪನಿ ಮೊದಲು ನೋಡಿ, ಸಿಗದಿದ್ದರೆ ಬಳಕೆದಾರರ ಹತ್ತಿರ ಹೋಗಲು ಬಿಡುವ ಸರ್ವಿಸ್ ಕಂಪನಿ. ಎರಡು ಆಫರ್ ಕೈಯಲ್ಲಿದ್ದು, ಸಂಬಳ ಜಾಸ್ತಿ ಇರುವ ಕಡೆ ಅಂಕಿ ಕೆಟ್ಟದಿದ್ದರೆ ಕಮ್ಮಿ ಸಂಬಳದ್ದನ್ನೇ ಆರಿಸಿ. ವ್ಯತ್ಯಾಸ ಮುಂದಿನ ಕೆಲಸದಲ್ಲಿ ವಸೂಲಾಗುತ್ತದೆ. ಮೂರು ನಾಲ್ಕು ವರ್ಷ ಆದವರು, ಊರಿನ ಕಡೆ ಎಳೆತ ಇರುವವರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಬೇಕಾದವರು ಹಿಂಜರಿಯದೆ ವಾಪಸ್ ಬನ್ನಿ. ಆದರೆ ಹೋಂಸ್ಟೇಗಳನ್ನಷ್ಟೇ ನಂಬಬೇಡಿ, ಮಳೆಗಾಲದಲ್ಲಿ ಅವರ ಹತ್ತಿರವೂ ದುಡ್ಡು ಓಡಾಡುವುದಿಲ್ಲ. ಹೊರಗಿನ ಒಬ್ಬ ಕ್ಲೈಂಟಾದರೂ ತಿಂಗಳಿಗೆ ಇಷ್ಟು ಅಂತ ಕೊಡುವವರು ಇರಲಿ. ಹತ್ತಿರದಲ್ಲಿ ಈ ಕೆಲಸ ಮಾಡುವ ಇನ್ನಿಬ್ಬರನ್ನು ಹುಡುಕಿಕೊಂಡು, ತಿಂಗಳಿಗೊಮ್ಮೆ ಕೂತು ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದಿ.